ನೆರಳಿನ ದಾರಿ

ದಕ್ಷಿಣ ಫ್ರಾನ್ಸಿನ ತುಲೂಸ್ ನಗರದಿಂದ ಸಮುದ್ರದತ್ತ ಸಾಗುವ ಮಿದಿ ಕಾಲುವೆಯ ಉದ್ದ ಸುಮಾರು 240 ಕಿಲೋಮೀಟರು. ಅದರ ದಂಡೆಯ ಮೇಲೆ, ಹಿಂದೆ ಕುದುರೆಗಳು ದೋಣಿಗಳನ್ನೆಳೆಯುತ್ತ ನಡೆದ ದಾರಿಯಲ್ಲಿ, ಇಂದು ಪ್ರವಾಸಿಗರು ಸೈಕಲ್ಲಿನಲ್ಲಿ ಸಾಗುತ್ತಾರೆ. ಏರುತಗ್ಗು ಅತ್ಯಲ್ಪ, ನಡುವೆ ಕಾರ್ಕಸೋನ್ ಕೋಟೆ.

ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೆರ್ ಪಾಲ್ ರಿಕೆ 1666ರಲ್ಲಿ ಅರಸನ ಅಪ್ಪಣೆ ಪಡೆದು, ಸ್ವಂತ ಹಣವನ್ನೂ ಸುರಿದು ಈ ಕಾಲುವೆಯನ್ನು ತೋಡಿಸಿದರು. 1680ರಲ್ಲಿ ಅವರು ತೀರಿಕೊಂಡರು; ಕಾಲುವೆ ತೆರೆದದ್ದು 1681ರಲ್ಲಿ.

ದಂಡೆಗೆ ನೆರಳಾಗಿದ್ದ ಪ್ಲೇನ್ ಮರಗಳಿಗೆ ಶಿಲೀಂಧ್ರ ರೋಗ ತಗುಲಿರುವುದು 2006ರಲ್ಲಿ ಕಂಡುಬಂದಿತು. ಆ ಬಳಿಕ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಅಲ್ಲಿಯವರು ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ನೆಟ್ಟವರಲ್ಲಿ ಅನೇಕರಿಗೆ ಆ ನೆರಳು ದೊರೆಯಲಾರದು. ಮಕ್ಕಳಿಗೆ ನಾವು ಕೋಟೆಯ ಕಥೆಗಿಂತ ಮೊದಲು ಈ ಸಸಿಗಳ ಕಥೆಯನ್ನೇ ಹೇಳಬಯಸುತ್ತೇವೆ.