ಡಿ ಡ್ರೈವ್‌ನಲ್ಲಿದೆ ಬಿಡು

ಭಾವನ ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ಕೈತೊಳೆದವರಲ್ಲಿ ಮೂವರು ಅಕ್ಕನನ್ನು ಪಕ್ಕಕ್ಕೆ ಕರೆದು, ‘ಅವರಿಂದ ನಮಗೆ ಸ್ವಲ್ಪ ಬರೋದಿತ್ತಮ್ಮ’ ಎಂದರು. ಭಾವನಿಗೆ ಕೊಡಬೇಕಾಗಿದ್ದವರೂ ಆ ಪಂಕ್ತಿಯಲ್ಲಿದ್ದರು. ಅವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಯಾರಿಗೆ ಎಷ್ಟು ಕೊಟ್ಟದ್ದು, ಎಷ್ಟು ವಾಪಸು ಬಂದದ್ದು, ಎಲ್ಲವನ್ನೂ ಭಾವ ಹದಿನಾಲ್ಕು ವರ್ಷದಿಂದ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಅವರು ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಮುಚ್ಚಿಟ್ಟಿದ್ದ ಆ ಕಂಪ್ಯೂಟರಿಗೆ ಅಂದು ಸಂಜೆ ಸ್ವಿಚ್ ಹಾಕಿದೆವು. ಟಕ್, ಟಕ್ ಎಂಬ ಸದ್ದು ಬಂತು. ಪರದೆಯ ಮೇಲೆ ಏನೂ ಬರಲಿಲ್ಲ. ಹಾರ್ಡ್ ಡಿಸ್ಕ್ ಹೋಗಿತ್ತು.

ನನ್ನ ಸಿಟ್ಟು ಆ ಮೂವರ ಮೇಲಲ್ಲ. ಎರಡು ವರ್ಷದ ಹಿಂದೆ ನಾನೇ ಕೇಳಿದ್ದೆ, ‘ಭಾವ, ಇದಕ್ಕೆಲ್ಲ ಬ್ಯಾಕಪ್ ಇದೆಯಾ?’ ಎಂದು. ‘ಡಿ ಡ್ರೈವ್‌ನಲ್ಲಿದೆ ಬಿಡು’ ಎಂದರು. ನಾನೂ ಬಿಟ್ಟೆ.

ಓದುಗರೇ, ಈ ಮಾತನ್ನು ನೀವೂ ಆಡಿದ್ದೀರಿ. ಇವತ್ತು ಯಾರಾದರೂ ಕೇಳಿದರೂ ಆಡುತ್ತೀರಿ. ಬ್ಯಾಕಪ್ ಬೇಕು ಎಂಬುದು ಗೊತ್ತಿಲ್ಲದವರು ಯಾರಿದ್ದಾರೆ? ಅದನ್ನು ತಿಳಿಸಲು ನಾನು ಬರೆಯುತ್ತಿಲ್ಲ. ಏನೂ ಮಾಡದೆ ಕೂತ ಸೋಮಾರಿಯನ್ನಾದರೂ ಕ್ಷಮಿಸಬಹುದು, ಅವನಿಗೆ ಒಳಗೊಳಗೇ ಅಳುಕಿರುತ್ತದೆ. ಡಿ ಡ್ರೈವ್‌ನವನಿಗೆ ಅಳುಕಿಲ್ಲ. ಕೆಲಸ ಮುಗಿಸಿದ ನೆಮ್ಮದಿಯಲ್ಲಿ ಹೊದ್ದು ಮಲಗಿರುತ್ತಾನೆ. ನನಗೆ ಸಹಿಸಲಾಗದ್ದು ಆ ನೆಮ್ಮದಿ.

ಡಿ ಡ್ರೈವ್ ಎಲ್ಲಿದೆ ಸ್ವಾಮಿ? ಬಹುಪಾಲು ಮನೆಗಳಲ್ಲಿ ಸಿ ಇರುವ ಡಿಸ್ಕಿನಲ್ಲೇ ಇದೆ. ಒಂದೇ ಬೀರುವಿನ ಮೇಲಿನ ಅರೆ ಸಿ, ಕೆಳಗಿನ ಅರೆ ಡಿ. ಬೀರುವಿಗೆ ಬೆಂಕಿ ಬಿದ್ದರೆ ಕೆಳಗಿನ ಅರೆ ಉಳಿಯುತ್ತದೆಯೇ? ಈ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ವಿಂಡೋಸ್ ಕೆಟ್ಟಾಗ ರಿಪೇರಿ ಹುಡುಗ ಬಂದು ಸಿ ಡ್ರೈವ್ ಫಾರ್ಮ್ಯಾಟ್ ಮಾಡುತ್ತಿದ್ದ, ಡಿ ಹಾಗೇ ಉಳಿಯುತ್ತಿತ್ತು. ಅದನ್ನು ನೋಡಿ ನೋಡಿ ಡಿ ಎಂದರೆ ಭದ್ರ ಎಂದುಕೊಂಡೆವು. ವಿಂಡೋಸ್ ಕೆಡುವುದು ಬೇರೆ, ಡಿಸ್ಕ್ ಸಾಯುವುದು ಬೇರೆ.

ಭಾವ ಬಳಸುತ್ತಿದ್ದದ್ದು ಗ್ನೂಕ್ಯಾಶ್ ಎಂಬ ಉಚಿತ ತಂತ್ರಾಂಶ. ಸೇವ್ ಮಾಡಿದಾಗಲೆಲ್ಲ ಅದು ಹಿಂದಿನ ಪ್ರತಿಗೆ ದಿನಾಂಕ, ವೇಳೆ ಅಂಟಿಸಿ ಅದೇ ಫೋಲ್ಡರಿನಲ್ಲಿ ಇಡುತ್ತದೆ. ನಾವಾಗಿ ಬದಲಾಯಿಸದಿದ್ದರೆ 30 ದಿನದ ಪ್ರತಿಗಳು ಅಲ್ಲೇ ಇರುತ್ತವೆ. ಕೈತಪ್ಪಿ ಏನಾದರೂ ಅಳಿಸಿದರೆ ಹಿಂದಕ್ಕೆ ಹೋಗಲು ಇದು ಒಳ್ಳೆಯ ಏರ್ಪಾಡು. ಸಾಲುಗಟ್ಟಿ ಕೂತ ಆ ಫೈಲುಗಳನ್ನು ನೋಡಿ ಭಾವ ಬೀಗುತ್ತಿದ್ದರು. ಹತ್ತು ಪ್ರತಿ ಇದ್ದರೂ ಹತ್ತೂ ಒಂದೇ ಡಿಸ್ಕಿನ ಮೇಲೆ. ಹೋದಾಗ ಒಟ್ಟಿಗೇ ಹೋದವು. ಟ್ಯಾಲಿಯಲ್ಲಿ ಮನೆಲೆಕ್ಕ, ಅಂಗಡಿಲೆಕ್ಕ ಎರಡನ್ನೂ ಬರೆಯುವವರ ಕಥೆಯೂ ಇದೇ. ಬ್ಯಾಕಪ್ ಎಲ್ಲಿಗೆ ಎಂದು ಅದು ಕೇಳುತ್ತದೆ, ನಾವು ಮತ್ತೆ ಅದೇ ಡಿಸ್ಕನ್ನು ತೋರಿಸುತ್ತೇವೆ.

ಇದು ಬರೀ ಮನೆಯವರ ದಡ್ಡತನವಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ಬೂದಿಯಾಯಿತು. ಗಾತ್ರ ತೀರ ದೊಡ್ಡದೆಂದು ಹೊರಗೆ ಪ್ರತಿ ಇಟ್ಟಿರಲಿಲ್ಲವಂತೆ. ಅವರದು ಜಿ, ನಮ್ಮದು ಡಿ. ಅವರಿಗೆ ಗಾತ್ರದ ನೆಪವಾದರೂ ಇತ್ತು. ಭಾವನ ಹದಿನಾಲ್ಕು ವರ್ಷದ ಲೆಕ್ಕ ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗಿಂತ ದೊಡ್ಡದಿರಲಿಲ್ಲ. ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಹೂವಿನ ಚಿತ್ರವನ್ನು ನಲವತ್ತು ಜನಕ್ಕೆ ಕಳಿಸುವ ನಾವು, ಅಷ್ಟೇ ತೂಕದ ಈ ಒಂದು ಫೈಲನ್ನು ಒಂದೇ ಒಂದು ಸಲ ಆಚೆಗೆ ಕಳಿಸಲಿಲ್ಲ.

ಹೋದದ್ದೇನು ಎಂದು ಕೇಳಬಹುದು. ಬ್ಯಾಂಕಿನದು ಬ್ಯಾಂಕಿನಲ್ಲೇ ಇರುತ್ತದಲ್ಲ? ನಿಜ, ಸ್ಟೇಟ್‌ಮೆಂಟ್ ಸಿಗುತ್ತದೆ. ಪ್ಯಾನ್ ಸಂಖ್ಯೆ ಹಿಡಿದು ಮ್ಯೂಚುವಲ್ ಫಂಡ್‌ಗಳ ಒಟ್ಟು ಪಟ್ಟಿ ತರಿಸಬಹುದು. ವಾರಸುದಾರರು ಬಾರದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಪೋರ್ಟಲ್ ತೆರೆದಿದೆ. ಆದರೆ ಅಲ್ಲಿ ಹುಡುಕಿದರೆ ಸಿಗುವುದು ಬ್ಯಾಂಕುಗಳದ್ದು, ನಿಮ್ಮೂರಿನ ಪತ್ತಿನ ಸಹಕಾರ ಸಂಘದಲ್ಲಿಟ್ಟದ್ದಲ್ಲ. ಕೈಗಡ ಕೊಟ್ಟದ್ದಕ್ಕೆ ಯಾವ ಪೋರ್ಟಲೂ ಇಲ್ಲ. ಚೀಟಿಯ ಎಷ್ಟು ಕಂತು ಕಟ್ಟಿ ಆಗಿದೆ? ಮನೆಯ ಮೇಲೆ ಮಹಡಿ ಎಬ್ಬಿಸಿದಾಗ ಆದ ಖರ್ಚೆಷ್ಟು? ನಾಳೆ ಮನೆ ಮಾರಿದರೆ ಲಾಭದ ತೆರಿಗೆ ಲೆಕ್ಕ ಹಾಕುವಾಗ ಆ ಖರ್ಚನ್ನು ಕಳೆಯಬಹುದು, ಆದರೆ ತೋರಿಸಲು ದಾಖಲೆ ಬೇಕು. ಭಾವ ಬಿಲ್ಲುಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕಾಗದ ಎಸೆದು, ಸ್ಕ್ಯಾನುಗಳನ್ನು ಭದ್ರವಾಗಿ ಇಟ್ಟಿದ್ದರು. ಎಲ್ಲಿ ಎಂದು ಮತ್ತೆ ಹೇಳಬೇಕೆ?

ಹಳೆಯ ಶೆಟ್ಟರ ಅಂಗಡಿಯಲ್ಲಿ ಕಿರ್ದಿ ಬೇರೆ, ಖಾತೆ ಬೇರೆ ಇರುತ್ತಿತ್ತು. ದಿನದ ವ್ಯವಹಾರ ಕಿರ್ದಿಗೆ ಬಿದ್ದು ಆಮೇಲೆ ಖಾತೆಗೆ ಏರುತ್ತಿತ್ತು. ಖಾತೆ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಕಿರ್ದಿ ಎದುರಿಗಿಟ್ಟುಕೊಂಡು ಮತ್ತೆ ಬರೆದುಕೊಳ್ಳಬಹುದಿತ್ತು. ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದವರ ಮೊಮ್ಮಕ್ಕಳು ನಾವು. ಆಯುಧಪೂಜೆಗೆ ಕಂಪ್ಯೂಟರಿಗೂ ಕುಂಕುಮ ಇಡುತ್ತೇವೆ, ಕುಂಬಳಕಾಯಿ ಒಡೆಯುತ್ತೇವೆ. ಒಳಗಿರುವ ಲೆಕ್ಕಕ್ಕೆ ಎರಡನೆಯ ಜಾಗ ಮಾತ್ರ ತೋರಿಸುವುದಿಲ್ಲ.

ಡಿಸ್ಕೊಂದೇ ಶತ್ರುವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, ಮರುವರ್ಷ ಅದೇ ತಿಂಗಳು ಬೆಳಗಾವಿಯಲ್ಲಿ ನೆರೆ ಬಂದು ಮನೆಗೆ ಮನೆಯೇ ಹೋದಾಗ ಕಂಪ್ಯೂಟರು, ಪಕ್ಕದ ಡ್ರಾಯರಿನ ಪೆನ್‌ಡ್ರೈವ್ ಎಂಬ ಭೇದ ನೀರಿಗಿತ್ತೇ? 2017ರ ಮೇ ತಿಂಗಳಲ್ಲಿ ಜಗತ್ತನ್ನೇ ನಡುಗಿಸಿದ ವನ್ನಾಕ್ರೈ ಎಂಬ ಕುತಂತ್ರಾಂಶ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುತ್ತಿತ್ತು. ಅಂಥ ಪಿಡುಗು ಬಂದರೆ ಡಿ ಡ್ರೈವ್‌ಗೂ ಬೀಗ ಬೀಳುತ್ತದೆ, ಸದಾ ಚುಚ್ಚಿಕೊಂಡೇ ಇರುವ ಪೆನ್‌ಡ್ರೈವ್‌ಗೂ ಬೀಳುತ್ತದೆ.

ಪರಿಹಾರವೋ, ನಾಚಿಕೆಯಾಗುವಷ್ಟು ಚಿಕ್ಕದು. ಶನಿವಾರ ಸಂಜೆ ಲೆಕ್ಕ ಮುಗಿಸಿದ ಮೇಲೆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಕಿತ್ತು, ಎತ್ತಿಡಿ. ಇನ್ನೊಂದು ಪ್ರತಿಗೆ ಪಾಸ್‌ವರ್ಡ್ ಹಾಕಿ ನಿಮ್ಮದೇ ಇ-ಮೇಲ್‌ಗೆ ಕಳಿಸಿಕೊಳ್ಳಿ, ಇಲ್ಲವೇ ತಂಗಿಯ ಮನೆಯಲ್ಲಿಡಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಇಷ್ಟೇ. ಮಾರ್ಚ್ 31 ಜಗತ್ತಿಗೆ ಬ್ಯಾಕಪ್ ದಿನವಂತೆ. ನಮಗೂ ಅದು ವರ್ಷದ ಲೆಕ್ಕ ಮುಗಿಯುವ ದಿನ. ಆದರೆ ಆ ದಿನಕ್ಕೆಂದು ಕಾಯಬೇಡಿ, ಡಿಸ್ಕ್ ಪಂಚಾಂಗ ನೋಡಿ ಸಾಯುವುದಿಲ್ಲ.

‘ನನಗೆಲ್ಲ ನೆನಪಿದೆ’ ಎನ್ನುವವರಿಗೆ ಒಂದು ಮಾತು. ನಿಮಗೆ ನೆನಪಿರುತ್ತದೆ, ಸರಿ. ಬ್ಯಾಕಪ್ ನಿಮಗಾಗಿ ಅಲ್ಲವೇ ಅಲ್ಲ. ನಿಮ್ಮ ತಿಥಿಯ ದಿನ ಪಕ್ಕಕ್ಕೆ ಕರೆಸಿಕೊಂಡು ತಬ್ಬಿಬ್ಬಾಗಿ ನಿಲ್ಲುವ ಹೆಂಡತಿಗಾಗಿ, ಏನೂ ಗೊತ್ತಿಲ್ಲದ ಮಗನಿಗಾಗಿ. ಮನೆಯ ಲೆಕ್ಕ ಬರೆಯುವ ಅಧಿಕಾರವನ್ನು ಒಬ್ಬರೇ ಇಟ್ಟುಕೊಂಡ ಮೇಲೆ, ಆ ಲೆಕ್ಕವನ್ನು ಮನೆಯವರಿಗೆ ದಾಟಿಸುವ ಹೊಣೆಯೂ ನಿಮ್ಮದೇ. ಅದನ್ನು ಡಿ ಡ್ರೈವ್‌ನ ತಲೆಗೆ ಕಟ್ಟಬೇಡಿ.

ಅಕ್ಕ ಆ ಮೂವರಲ್ಲಿ ಇಬ್ಬರಿಗೆ ಕೇಳಿದಷ್ಟು ಕೊಟ್ಟುಬಿಟ್ಟಳು. ‘ಅವರ ಹೆಸರಿಗೆ ಸಾಲ ಉಳೀಬಾರದು’ ಎಂದಳು. ಕೊಟ್ಟದ್ದು ನ್ಯಾಯವೋ ಮೋಸವೋ ಹೇಳಬೇಕಾದ ಪುಟ ಸತ್ತ ಡಿಸ್ಕಿನೊಳಗಿದೆ. ಮೂರನೆಯವರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ.

ಇವತ್ತೇ ನಿಮ್ಮ ಮನೆಯ ಲೆಕ್ಕ ಬರೆಯುವವರನ್ನು ಕೇಳಿ, ಬ್ಯಾಕಪ್ ಎಲ್ಲಿದೆ ಎಂದು. ‘ಡಿ ಡ್ರೈವ್‌ನಲ್ಲಿದೆ ಬಿಡು’ ಎಂದರೆ, ದಯವಿಟ್ಟು ನನ್ನ ಹಾಗೆ ಬಿಡಬೇಡಿ.