ಪರದೆಗಿಂತ ಮೊದಲು ಮನೆ

2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ ನರಸಿಂಹ’ ಎಂಬ ಆನಿಮೇಷನ್ ಚಿತ್ರವು ಕುಟುಂಬಗಳನ್ನು ಗುಂಪುಗುಂಪಾಗಿ ಚಿತ್ರಮಂದಿರಕ್ಕೆ ಕರೆತಂದಿತು. ಅಶ್ವಿನ್ ಕುಮಾರ್ ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಚಿತ್ರವನ್ನು ಕೆಲವೆಡೆ ಪ್ರೇಕ್ಷಕರು ಪಾದರಕ್ಷೆ ಕಳಚಿಟ್ಟು, ಕೈಮುಗಿದು ವೀಕ್ಷಿಸಿದರು.

ಮೈಸೂರಿನಲ್ಲಿ ನಮ್ಮ ಮಕ್ಕಳೂ ಹಿಂದೂ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಾರೆ. ಗೆಳೆಯನ ಬಾಯಿಂದ ಪ್ರಹ್ಲಾದನ ಕಥೆ ಕೇಳಿದ ಮಗು, “ಅಬ್ಬಾ, ನಮ್ಮಲ್ಲಿ ಇಂಥ ಸಿನಿಮಾ ಏಕಿಲ್ಲ?” ಎಂದು ಕೇಳುವುದು ಸಹಜ. ಆಗ ಇತರರ ನಂಬಿಕೆಯನ್ನು ಹೀಯಾಳಿಸಿ ಉತ್ತರಿಸುವುದು ಸಲ್ಲದು. ಅನ್ಯರು ಆರಾಧಿಸುವುದನ್ನು ನಿಂದಿಸಬಾರದೆಂದು ಕುರ್‌ಆನ್ ಸ್ಪಷ್ಟವಾಗಿ ವಿಧಿಸಿದೆ. ಏಕದೇವ ವಿಶ್ವಾಸದಲ್ಲಿ ದೃಢವಾಗಿರುವುದಕ್ಕೂ ನೆರೆಯವರ ಭಕ್ತಿಯನ್ನು ಗೌರವಿಸುವುದಕ್ಕೂ ವಿರೋಧವಿಲ್ಲ.

ಮಗುವಿನ ಪ್ರಶ್ನೆಗೆ ನಿಜವಾದ ಉತ್ತರ ಬೇರೆಯಿದೆ. ಆ ಭಕ್ತಿಯನ್ನು ಚಿತ್ರವು ಸೃಷ್ಟಿಸಲಿಲ್ಲ. ಅಜ್ಜಿಯರ ಮಡಿಲಲ್ಲಿ, ಹರಿಕಥೆಯಲ್ಲಿ, ಯಕ್ಷಗಾನದಲ್ಲಿ ಆ ಕಥೆ ತಲೆಮಾರುಗಳಿಂದ ಬದುಕಿತ್ತು. ಪ್ರೇಕ್ಷಕರು ಕಥೆಯನ್ನು ಎದೆಯಲ್ಲಿಟ್ಟುಕೊಂಡೇ ಒಳಗೆ ಬಂದಿದ್ದರು.

ನಮ್ಮಲ್ಲಿ ಸಿನಿಮಾ ಇಲ್ಲವೆನ್ನುವುದೂ ಪೂರ್ಣ ಸತ್ಯವಲ್ಲ. ದುಬೈಯಲ್ಲಿ ನಿರ್ಮಿತವಾದ ‘ಬಿಲಾಲ್’ ಎಂಬ ಆನಿಮೇಷನ್ ಚಿತ್ರ 2015ರಲ್ಲೇ ಬಂದಿದೆ. ಆದರೆ ಉರಿಬಿಸಿಲಿನಲ್ಲಿ ಎದೆಯ ಮೇಲೆ ಬಂಡೆ ಹೊತ್ತರೂ ಅಲ್ಲಾಹನು ಏಕನೆಂದು ಸಾರಿದ ಹಝ್ರತ್ ಬಿಲಾಲ್(ರ)ರನ್ನು ಮನೆಯಲ್ಲಿ ಅರಿಯದ ಮಗುವಿಗೆ ಅವರು ಪರದೆಯ ಇನ್ನೊಬ್ಬ ವೀರ ಮಾತ್ರ.

ಮಕ್ಕಳ ಕಲ್ಪನೆಗೆ ಇಸ್ಲಾಮ್ ಹಗೆಯಲ್ಲ. ಆಯಿಶಾ(ರ)ರ ಗೊಂಬೆಗಳ ನಡುವೆ ರೆಕ್ಕೆಯ ಕುದುರೆಯೊಂದನ್ನು ಕಂಡು ಪ್ರವಾದಿವರ್ಯರು(ಸ) ವಿಚಾರಿಸಿದರು. ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆಗಳಿದ್ದವಲ್ಲವೇ ಎಂದು ಅವರು ಉತ್ತರಿಸಿದಾಗ ಪ್ರವಾದಿವರ್ಯರು(ಸ) ಮನಸಾರೆ ನಕ್ಕರೆಂದು ಹದೀಸ್‌ನಲ್ಲಿದೆ. ಗಮನಿಸಿರಿ, ಆ ಎಳೆಯ ಮನಸ್ಸಿಗೆ ಪ್ರವಾದಿಯೊಬ್ಬರ ಕಥೆ ಮೊದಲೇ ತಿಳಿದಿತ್ತು; ಆಟ ಅದರಿಂದಲೇ ಚಿಗುರಿತು.

ನಮ್ಮ ಅನೇಕ ಮನೆಗಳಲ್ಲಿ ಮಾತು ದಖ್ಖನಿ, ಹಿರಿಯರ ಪುಸ್ತಕ ಉರ್ದು, ಮಕ್ಕಳ ಓದು ಕನ್ನಡ ಅಥವಾ ಇಂಗ್ಲಿಷ್. ಈ ಬಿರುಕಿನಲ್ಲಿಯೇ ನಮ್ಮ ಕಥೆಗಳು ಜಾರಿಹೋಗುತ್ತಿವೆ. ಬಾವಿಗೆ ಎಸೆಯಲ್ಪಟ್ಟ ಯೂಸುಫ್(ಅ), ಮೀನಿನ ಹೊಟ್ಟೆಯ ಕತ್ತಲಲ್ಲಿ ಪ್ರಾರ್ಥಿಸಿದ ಯೂನುಸ್(ಅ), ಬೆಂಕಿಗೆ ಅಂಜದ ಇಬ್ರಾಹೀಮ್(ಅ) — ಇವರ ಚರಿತ್ರೆಯನ್ನು ಮಗುವಿಗೆ ತಿಳಿಯುವ ಭಾಷೆಯಲ್ಲಿ ಹೇಳಲು ಇಶಾ ನಮಾಝಿನ ಬಳಿಕ ಹತ್ತು ನಿಮಿಷ ಸಾಕು.

ಯಾವ ಚಿತ್ರ ನೋಡಬೇಕು, ಯಾವುದು ಬೇಡ ಎಂಬುದನ್ನು ಹೆತ್ತವರು ವಿವೇಕದಿಂದ ನಿರ್ಧರಿಸಲಿ. ಆದರೆ ಕಥೆ ಹೇಳುವ ಹೊಣೆಯನ್ನು ಯಾವ ಚಿತ್ರಮಂದಿರವೂ ನಮ್ಮಿಂದ ಇಳಿಸಲಾರದು. ಅದನ್ನು ನಿರ್ವಹಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.