ವನಭೋಜನವೂ ವಂತಿಗೆಯೂ

ಕಾರ್ತಿಕ ಮಾಸ ಬಂತೆಂದರೆ ವನಭೋಜನದ ಮಾತು ಏಳುವುದು ನಮ್ಮ ಕಡೆಯ ಹಳೆಯ ರೂಢಿ. ನೆಲ್ಲಿಯ ಮರದ ನೆರಳಿನಲ್ಲಿ ಒಲೆ ಹೂಡಿ, ನಾಲ್ಕಾರು ಮನೆಯವರು ಕೂಡಿ ಅಟ್ಟು ಉಣ್ಣುವುದನ್ನು ನಮ್ಮ ಹಿರಿಯರು ಪುಣ್ಯದ ಲೆಕ್ಕಕ್ಕೆ ಸೇರಿಸಿದ್ದರು. ಅದರಲ್ಲಿ ಪುಣ್ಯವೆಷ್ಟಿತ್ತೋ ನಾನರಿಯೆ, ಸುಖವಂತೂ ಇತ್ತು. ಮಲೆನಾಡಿನ ಊರುಗಳಲ್ಲಿ ಆಶ್ವಯುಜದ ಹುಣ್ಣಿಮೆಗೆ ರೈತರು ಭೂಮಿ ಹುಣ್ಣಿಮೆಯೆಂದು ಅಡುಗೆ ಮಾಡಿಕೊಂಡು ಗದ್ದೆಗೆ ಹೋಗುತ್ತಾರೆ. ಉತ್ತರದ ಜಿಲ್ಲೆಗಳಲ್ಲಿ ಎಳ್ಳಮಾವಾಸ್ಯೆಯ ದಿನ ಬಂಧುಬಳಗವನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ ಉಣ್ಣುತ್ತಾರೆ. ಈ ಮೂರರಲ್ಲಿಯೂ ಒಂದು ಅಂಶ ಸಮಾನ: ಯಾರೂ ಯಾರಿಂದಲೂ ತಲೆಗಿಷ್ಟು ಎಂದು ಹಣ ಎತ್ತುವುದಿಲ್ಲ. ಮನೆಯಲ್ಲಿ ಏನುಂಟೋ ಅದೇ ಬಯಲಿಗೆ ಬರುತ್ತದೆ.

ವಿದ್ಯಾರ್ಥಿಗಳಾದ ನಮ್ಮ ವನಭೋಜನವಾದರೋ ಹಾಗಲ್ಲ. ಅದು ಒಲೆಯಿಂದ ಆರಂಭವಾಗುವುದಿಲ್ಲ, ವಂತಿಗೆಯಿಂದ ಆರಂಭವಾಗುತ್ತದೆ. ಈ ವಂತಿಗೆಯ ಪದ್ಧತಿಯನ್ನು ನಾವು ಕೈಬಿಡಬೇಕೆಂಬುದು ನನ್ನ ಅಭಿಪ್ರಾಯ. ಕೈಬಿಟ್ಟರೆ ಊಟ ಕೆಡುವುದಿಲ್ಲವೆಂಬುದಕ್ಕೆ ನನ್ನಲ್ಲಿ ಲೆಕ್ಕಪತ್ರದ ಆಧಾರವಿದೆ.

ನಾನು ಮೊದಲನೆಯ ವರ್ಷದಲ್ಲಿದ್ದಾಗ, 2022ರ ಕೊನೆಯಲ್ಲಿ, ನಮ್ಮ ತರಗತಿಯವರು ಕೆಮ್ಮಣ್ಣುಗುಂಡಿಗೆ ಹೊರಟರು. ಮಿನಿ ಬಸ್ಸು, ಗುತ್ತಿಗೆಯ ಅಡುಗೆ, ಎರಡು ಹೊತ್ತಿನ ತಿಂಡಿ ಎಲ್ಲ ಸೇರಿ ತಲೆಗೆ 500 ರೂಪಾಯಿ. ತರಗತಿಯ 42 ಮಂದಿಯಲ್ಲಿ 29 ಮಂದಿ ಹೋದರು. ಉಳಿದ 13 ಮಂದಿಗೆ ಆ ಒಂದೇ ವಾರದಲ್ಲಿ ಬಗೆಬಗೆಯ ಅಡ್ಡಿಗಳು ಬಂದವು. ಒಬ್ಬನಿಗೆ ಜ್ವರ, ಒಬ್ಬಳಿಗೆ ಅಕ್ಕನ ಮನೆಯ ಗೃಹಪ್ರವೇಶ, ಮತ್ತೊಬ್ಬನಿಗೆ ಬಸ್ಸಿನಲ್ಲಿ ಕುಳಿತರೆ ತಲೆಸುತ್ತು, ಅವನು ದಿನವೂ ಯಗಟಿಯಿಂದ ಬಸ್ಸಿನಲ್ಲಿಯೇ ಬರುವವನಾದರೂ! ನನಗೆ ಹೊಟ್ಟೆನೋವು. ಅದು ಪೂರ್ತಿ ಸುಳ್ಳೆಂದು ಹೇಳಲಾರೆ. ಆದರೆ ಅದು ಬಂದದ್ದು, ಹೋಗಿಬಂದವರು ಮರುದಿನ ಬೆಟ್ಟದ ಮಂಜನ್ನೂ ಬಿಸಿಬಿಸಿ ಬಜ್ಜಿಯನ್ನೂ ಬಣ್ಣಿಸುತ್ತಿದ್ದಾಗ.

ಹೋದವರಲ್ಲಿ ಯಾರೂ ಕೆಟ್ಟವರಲ್ಲ. ನಮ್ಮನ್ನು ಬೇಡವೆಂದವರೂ ಇಲ್ಲ. ಎಲ್ಲರಿಗೂ ಒಂದೇ ಮೊತ್ತವಿಟ್ಟರೆ ಎಲ್ಲರಿಗೂ ಒಂದೇ ನ್ಯಾಯ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಅಲ್ಲಿಯೇ ತಪ್ಪು. 2022–23ನೆಯ ಸಾಲಿನಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ನಿಗದಿಯಾಗಿದ್ದ ದಿನಗೂಲಿ 309 ರೂಪಾಯಿ. ನನ್ನ ತಾಯಿ ಆ ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನದ ನನ್ನ ವಿನೋದಕ್ಕೆ ಅವರ ಒಂದೂವರೆ ದಿನದ ಬೆವರಿಗಿಂತ ಹೆಚ್ಚು ಬೇಕಾಗಿತ್ತು. ಕೇಳಿದ್ದರೆ ಕೊಡುತ್ತಿದ್ದರು. ಆದುದರಿಂದಲೇ ನಾನು ಕೇಳಲಿಲ್ಲ. ಅದೇ 500 ರೂಪಾಯಿ ಮತ್ತೊಂದು ಮನೆಯಲ್ಲಿ ಮೇಜಿನ ಮೇಲೆ ಬಿದ್ದಿರುವ ಚಿಲ್ಲರೆ. ಸಮಾನವಾದ ವಂತಿಗೆ ಸಮಾನವಾದ ಹೊರೆಯಲ್ಲ.

ಎರಡು ವರ್ಷ ಕಳೆದವು. ಅಂತಿಮ ವರ್ಷಕ್ಕೆ ಬಂದೆವು. 2024ರ ನವೆಂಬರ್ 18, ಸೋಮವಾರ, ಕನಕದಾಸ ಜಯಂತಿಯ ರಜೆ. ಅದಕ್ಕೆ ಹಿಂದಿನ ದಿನ ಭಾನುವಾರ. ಎರಡು ದಿನ ಕೂಡಿಬಂದ ರಜೆಯನ್ನು ಕಂಡಮೇಲೆ ವಿದ್ಯಾರ್ಥಿಗಳು ಸುಮ್ಮನಿರುವುದುಂಟೆ? ತರಗತಿಯ ಸಭೆ ಸೇರಿತು. ಈ ಬಾರಿ ತಲೆಗೆ 600 ರೂಪಾಯಿ ಎಂಬ ಸೂಚನೆ ಬಂತು. ಯಾರು ಯಾರು ಬರುವುದಿಲ್ಲವೆಂದು ಕೇಳಿದಾಗ ಕೈಗಳು ಒಂದೊಂದಾಗಿ ಏಳತೊಡಗಿದವು. ಕಾರಣಗಳೆಲ್ಲ ನನಗೆ ಪರಿಚಿತವಾದವೇ. ನಾನು ಎದ್ದುನಿಂತು, ಎರಡು ವರ್ಷದ ಹಿಂದಿನ ನನ್ನ ಹೊಟ್ಟೆನೋವಿನ ನಿಜವಾದ ನಿದಾನವನ್ನು ಹೇಳಿಬಿಟ್ಟೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಯಗಟಿಯ ಗೆಳೆಯ ಮೆಲ್ಲಗೆ, "ನನ್ನ ತಲೆಸುತ್ತೂ ಅದೇ ಜಾತಿಯದು ಕಣಯ್ಯ" ಎಂದ. ಸಭೆಯ ಧಾಟಿ ಅಲ್ಲಿಂದ ಬದಲಾಯಿತು.

ಆಗ ಒಬ್ಬ ಉದಾರಿ, "ಹಾಗಾದರೆ ಬರಲಾರದವರ ಪಾಲನ್ನು ನಾವು ಕೆಲವರು ಹಾಕಿಬಿಡುತ್ತೇವೆ" ಎಂದ. ಅವನ ಮನಸ್ಸು ದೊಡ್ಡದು. ಆದರೆ ಅದನ್ನು ನಾವು ಒಪ್ಪಲಿಲ್ಲ; ಏಕೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ. ಬದಲಿಗೆ ನಾಲ್ಕು ನಿಯಮಗಳನ್ನು ಮಾಡಿಕೊಂಡೆವು.

ಒಂದು, ನಡೆದುಹೋಗುವಷ್ಟು ದೂರದ ಸ್ಥಳ. ಬೀರೂರಿನ ಸುತ್ತ ತೆಂಗಿನ ತೋಟಗಳಿಗೆ ಬರವಿಲ್ಲ. ಸಹಪಾಠಿಯೊಬ್ಬನ ಸೋದರಮಾವನ ತೋಟ ಊರಿನಿಂದ 3 ಕಿಲೋಮೀಟರ್. ನೆರಳುಂಟು, ಕೊಳವೆಬಾವಿಯ ನೀರುಂಟು, ಉರಿಸಲು ಒಣಗಿದ ಗರಿ ಮಟ್ಟೆಗಳುಂಟು, ಉಣ್ಣಲು ಬಾಳೆಯೆಲೆಯೂ ಉಂಟು.

ಎರಡು, ದವಸಧಾನ್ಯ ಮನೆಯಿಂದ. ಶುಕ್ರವಾರ, ಶನಿವಾರ ತರಗತಿಯ ಹಿಂದಿನ ಮೂಲೆಯಲ್ಲಿ ಗೋಣಿಚೀಲಗಳನ್ನು ಇಟ್ಟೆವು: ಅಕ್ಕಿಗೊಂದು, ರಾಗಿಹಿಟ್ಟಿಗೊಂದು, ಹುರುಳಿಕಾಳಿಗೊಂದು, ತೆಂಗಿನಕಾಯಿ ಈರುಳ್ಳಿಗಳಿಗೊಂದು. ಯಾರು ಎಷ್ಟು ಸುರಿದರೆಂದು ಬರೆದುಕೊಳ್ಳುವಂತಿಲ್ಲ.

ಮೂರು, ಮನೆಯಲ್ಲಿ ಸಿಗದ ಪದಾರ್ಥಕ್ಕೆ ಮಾತ್ರ ಹಣ. ಅದಕ್ಕೊಂದು ಮುಚ್ಚಿದ ಡಬ್ಬಿ. ಹಾಕುವವರು ಹಾಕಬಹುದು; ಹಾಕದವರು ಡಬ್ಬಿಯ ಮುಂದೆ ಸುಮ್ಮನೆ ಹಾದುಹೋಗಬಹುದು.

ನಾಲ್ಕು, ಕೆಲಸವನ್ನು ಚೀಟಿ ಎತ್ತಿ ಹಂಚುವುದು. ಅಡುಗೆ ಹುಡುಗಿಯರಿಗೆ, ಕ್ರಿಕೆಟ್ಟು ಹುಡುಗರಿಗೆ ಎಂಬ ಹಂಚಿಕೆ ಸಲ್ಲದು.

ಅಡುಗೆ ಏನೆಂಬ ಪ್ರಶ್ನೆಗೆ ದೊಡ್ಡ ವಾದವೇ ನಡೆಯಿತು. ಪಲಾವು ಬೇಕೆಂದು ಒಂದು ಪಕ್ಷ. ಮುದ್ದೆಯೇ ಸಾಕೆಂದು ಇನ್ನೊಂದು ಪಕ್ಷ. ಮನೆಯಲ್ಲಿ ದಿನವೂ ಉಣ್ಣುವ ಮುದ್ದೆಯನ್ನು ತೋಟಕ್ಕೂ ಹೊತ್ತುಕೊಂಡು ಹೋಗಬೇಕೆ ಎಂದು ಪಲಾವಿನ ಪಕ್ಷದವರು ಮೂದಲಿಸಿದರು. ಕನ್ನಡ ಐಚ್ಛಿಕದ ಗೆಳತಿಯೊಬ್ಬಳು ಎದ್ದು, ನಾವು ಯಾರ ಜಯಂತಿಯ ರಜೆಯಲ್ಲಿ ಉಣ್ಣಲು ಹೊರಟಿದ್ದೇವೆಂಬುದನ್ನು ನೆನಪಿಸಿದಳು. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿಯೂ ರಾಗಿಯೂ ಹೆಚ್ಚುಗಾರಿಕೆಗೆ ಹೋರಾಡಿ ಶ್ರೀರಾಮನ ಬಳಿ ನ್ಯಾಯಕ್ಕೆ ನಿಲ್ಲುತ್ತವೆ. ಆರು ತಿಂಗಳು ಎರಡನ್ನೂ ಸೆರೆಯಲ್ಲಿಡುತ್ತಾರೆ. ಅಕ್ಕಿ ಕಂದುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿದು ರಾಘವನ ಹೆಸರನ್ನೇ ಪಡೆಯುತ್ತದೆ. ಬಡವರ ಧಾನ್ಯಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ಕನ್ನಡದಲ್ಲಿ ಯಾರು ಕೊಟ್ಟಿದ್ದಾರೆ? ಪಲಾವಿನ ಪಕ್ಷ ಅಲ್ಲಿಗೆ ಶಸ್ತ್ರವನ್ನಿಳಿಸಿತು. ಅಕ್ಕಿಯನ್ನು ನಾವು ಸೆರೆಗೆ ಹಾಕಲಿಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ, ಅನ್ನ, ಮಜ್ಜಿಗೆ, ಕೋಸಂಬರಿ, ಅಕ್ಕಿ ತೆಂಗಿನಕಾಯಿಯ ಪಾಯಸ ಎಂದು ತೀರ್ಮಾನವಾಯಿತು. ಬಸ್ಸಾರಿನ ಗುಣವೆಂದರೆ ಒಂದೇ ಉರಿಯಲ್ಲಿ ಎರಡು ಅಡುಗೆ: ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಕಾಳು ಪಲ್ಯವಾಗುತ್ತದೆ.

ಅಳತೆಯನ್ನು ಕಲಿಸಿದವರು ಸಹಪಾಠಿಯೊಬ್ಬಳ ತಾಯಿ. ಅವರು ಶಾಲೆಯೊಂದರಲ್ಲಿ ಅಕ್ಷರ ದಾಸೋಹದ ಅಡುಗೆಯವರು. 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಈ ಬಿಸಿಯೂಟದಲ್ಲಿ ಕಿರಿಯ ತರಗತಿಯ ಮಗುವಿಗೆ 100 ಗ್ರಾಂ, ಹಿರಿಯ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯವೆಂಬ ಅಳತೆಯುಂಟು. "ಮುದ್ದೆ ಉಣ್ಣೋರಿಗೆ ಅನ್ನ ಕಮ್ಮಿ ಸಾಕಪ್ಪ; ಕಣ್ಣಳತೆ ನಂಬಿಕೊಂಡು ಜಾಸ್ತಿ ಮಾಡಿ ಚೆಲ್ಲಬೇಡಿ" ಎಂದು ಅವರು ಎಚ್ಚರಿಸಿದರು. 46 ಎಲೆಗಳಿಗೆ 7 ಕಿಲೋ ರಾಗಿಹಿಟ್ಟು, ಪಾಯಸದ್ದೂ ಸೇರಿ 6 ಕಿಲೋ ಅಕ್ಕಿ, 4 ಕಿಲೋ ಹುರುಳಿಕಾಳು ಎಂದು ಅವರು ಹೇಳಿದ ಲೆಕ್ಕ ಚಾಚೂ ತಪ್ಪಲಿಲ್ಲ.

ಇನ್ನೊಂದು ತೊಡಕನ್ನೂ ಅವರೇ ಬಿಡಿಸಿದರು. ಗೋಣಿಯಲ್ಲಿ ಬಿದ್ದ ಅಕ್ಕಿ ಒಂದೇ ಜಾತಿಯದಲ್ಲ. ಅಂಗಡಿಯ ಸೋನಾಮಸೂರಿಯಿತ್ತು, ಮನೆಯಲ್ಲಿ ಬೆಳೆದ ದಪ್ಪಕ್ಕಿಯಿತ್ತು, ನ್ಯಾಯಬೆಲೆ ಅಂಗಡಿಯ ಅನ್ನಭಾಗ್ಯದ ಅಕ್ಕಿಯಿತ್ತು. ಯಾರೋ ಪುಣ್ಯಾತ್ಮರು ಸುರಿದದ್ದರಲ್ಲಿ ಮದುವೆಯ ಅಕ್ಷತೆಯ ಹಳದಿ ಕಾಳುಗಳೂ ಇದ್ದವು. ಇವು ಒಟ್ಟಿಗೆ ಬೇಯುವುದಿಲ್ಲ. ಒಂದು ಮುದ್ದೆಯಾಗುವಾಗ ಇನ್ನೊಂದು ಗಟ್ಟಿ ಉಳಿಯುತ್ತದೆ. ಎಲ್ಲವನ್ನೂ ಚೆನ್ನಾಗಿ ತೊಳೆದು ಅರ್ಧ ಗಂಟೆ ನೆನೆಯಿಟ್ಟರೆ ಹೆಚ್ಚುಕಡಿಮೆ ಒಂದಾಗುತ್ತದೆಂದು ಅವರು ಹೇಳಿದರು. ಹಾಗೆಯೇ ಮಾಡಿದೆವು. ಅನ್ನ ಮಲ್ಲಿಗೆ ಹೂವಿನಂತಿತ್ತೆಂದು ಹೇಳಿದರೆ ಸುಳ್ಳಾದೀತು. ಆದರೆ ಯಾವ ಅಗುಳು ಯಾರ ಮನೆಯದೆಂದು ಹೇಳಬಲ್ಲವರು ಪಂಕ್ತಿಯಲ್ಲಿ ಒಬ್ಬರೂ ಇರಲಿಲ್ಲ. ನಮಗೆ ಬೇಕಾದದ್ದೂ ಅಷ್ಟೇ.

ಇನ್ನು ಹಣದ ಲೆಕ್ಕ. ಬೆಲ್ಲ 180, ಹೆಸರುಬೇಳೆ 130, ಎಣ್ಣೆ 140, ಸೌತೆಕಾಯಿ ಸೊಪ್ಪು ನಿಂಬೆ ಮೆಣಸಿನಕಾಯಿ 250, ಒಗ್ಗರಣೆ ಸಾಮಾನು ಮತ್ತು ಏಲಕ್ಕಿ 120, ಮಜ್ಜಿಗೆಗೆ 4 ಲೀಟರು ಮೊಸರು 210, ಪಾತ್ರೆ ಬಾಡಿಗೆ 300, ಪಾತ್ರೆ ಸಾಗಿಸಿದ ಆಟೋಗೆ ಹೋಗಿಬರಲು 350. ಒಟ್ಟು 1,680 ರೂಪಾಯಿ. ಉಂಡವರು ನಾವು 40 ಮಂದಿ, ಅಧ್ಯಾಪಕರು 4 ಮಂದಿ, ತೋಟದ ಆಳುಗಳು ಇಬ್ಬರು. ತಲೆಗೆ 37 ರೂಪಾಯಿಗೂ ಕಡಿಮೆ! ಡಬ್ಬಿಯನ್ನು ಒಡೆದಾಗ ಅದರಲ್ಲಿ 1,905 ರೂಪಾಯಿ ಸಿಕ್ಕಿತು. ಅದರ ಜೊತೆಗೆ ಯಾವ ಅಂಗಡಿಯಲ್ಲೂ ನಡೆಯದ ಒಂದು ಹರಿದ ಹತ್ತರ ನೋಟೂ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಉಳಿದ 225 ರೂಪಾಯಿಯನ್ನು ಮುಂದಿನ ತರಗತಿಯವರ ಡಬ್ಬಿಗೆ ಮೂಲಧನವಾಗಿ ಒಪ್ಪಿಸಿದ್ದೇವೆ.

ದೋಷಗಳು ಇರಲಿಲ್ಲವೆಂದಲ್ಲ. ಮುದ್ದೆಯ ಕೋಲು ಹಿಡಿದ ಹುಡುಗರು ಮೊದಲ ಹಂಡೆಯಲ್ಲಿ ಮುದ್ದೆಗಿಂತ ಗಂಟುಗಳನ್ನೇ ಹೆಚ್ಚಾಗಿ ತಯಾರಿಸಿದರು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಮೂರು ಗಂಟೆಯಾಗಿತ್ತು. ಕೆಮ್ಮಣ್ಣುಗುಂಡಿಯ ಸೌಂದರ್ಯ ತೆಂಗಿನ ತೋಟದಲ್ಲಿ ಸಿಗುವುದೇ ಎಂದು ಕೇಳಿದರೆ, ಸಿಗುವುದಿಲ್ಲವೆಂದೇ ಹೇಳಬೇಕು. ಬೆಟ್ಟ ನೋಡಬೇಕಾದ್ದೇ. ಹೋಗಬಲ್ಲವರು ಧಾರಾಳವಾಗಿ ಹೋಗಲಿ, ಗೆಳೆಯರ ಗುಂಪಾಗಿ ಹೋಗಲಿ. ಆದರೆ ತರಗತಿಯ ಹೆಸರಿನಲ್ಲಿ ಹೊರಡುವುದಾದರೆ, ತರಗತಿಯ ಅತ್ಯಂತ ಹಗುರವಾದ ಜೇಬನ್ನು ನೋಡಿ ಹೊರಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬುದು ಗಾದೆ. ಹಲವರು ಕೂಡಿ ಮಲಗುವಲ್ಲಿ ಯಾರ ಹಾಸಿಗೆಯ ಅಳತೆ ಎಂಬುದೇ ಪ್ರಶ್ನೆ.

ಬಾರದೆ ಉಳಿದವರು ಇಬ್ಬರು. ಒಬ್ಬಳ ಅಕ್ಕನ ಮದುವೆ, ಈ ಬಾರಿ ನಿಜವಾಗಿಯೂ. ಇನ್ನೊಬ್ಬ ಗೆಳೆಯ ಪೆಟ್ರೋಲ್ ಬಂಕಿನಲ್ಲಿ ಭಾನುವಾರದ ಪಾಳಿ ಮಾಡುತ್ತಾನೆ. ರಜೆ ಹಾಕಿದರೆ ಅಂದಿನ ಸಂಬಳ ಹೋಗುತ್ತದೆ. ಊಟ ಬಿಟ್ಟಿಯಾದರೂ ಬಿಡುವು ಬಿಟ್ಟಿಯಲ್ಲವೆಂಬುದನ್ನು ನಮ್ಮ ನಿಯಮಗಳಲ್ಲಿ ನಾವು ಮರೆತಿದ್ದೆವು. ಸಂಜೆ ಹಿಂದಿರುಗುವಾಗ ಟಿಫಿನ್ ಕ್ಯಾರಿಯರಿನಲ್ಲಿ ಅವನ ಪಾಲನ್ನು ತೆಗೆದುಕೊಂಡು ಹೋದೆವು. ಅವನು ಬಂಕಿನ ಹಿಂದಿನ ಕಟ್ಟೆಯ ಮೇಲೆ ಕುಳಿತು, ತಣ್ಣಗಾದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಎರಡು ತುತ್ತು ನುಂಗಿ, ಮುಖ ಸಿಂಡರಿಸಿ ಹೇಳಿದ: "ಏನ್ರೋ, ಉಪ್ಪು ಕಮ್ಮಿ ಆಗೈತಲ್ಲ! ನಮ್ಮನೆ ರಾಗಿನೆಲ್ಲ ಹಾಳುಮಾಡಿದ್ರಲ್ಲ!"

ಉದಾರಿ ಗೆಳೆಯನ ಸೂಚನೆಯನ್ನು ನಾವು ಒಪ್ಪದಿದ್ದುದು ಏಕೆಂಬುದಕ್ಕೆ ಇದೇ ಉತ್ತರ. ಮತ್ತೊಬ್ಬರ ಹಣದಲ್ಲಿ ಕುಳಿತು ಉಣ್ಣುವವನು ಉಪ್ಪು ಕಡಿಮೆಯೆಂದು ಬಾಯಿಬಿಟ್ಟು ಹೇಳಲಾರ. ಚೆನ್ನಾಗಿದೆಯೆಂದೇ ಹೇಳಿ ಏಳುತ್ತಾನೆ. ಒಂದು ಸೇರು ಹಿಟ್ಟನ್ನು ಗೋಣಿಗೆ ಸುರಿದವನಿಗೆ ಊಟವೂ ತನ್ನದು, ತಪ್ಪು ಹೇಳುವ ಅಧಿಕಾರವೂ ತನ್ನದು. ಆ ಅಧಿಕಾರ ಎಲ್ಲರಿಗೂ ಉಳಿಯುವಂತಹ ವನಭೋಜನಗಳು ನಮ್ಮ ಕಾಲೇಜಿನಲ್ಲಿ ನಡೆಯಲೆಂದು ಕಿರಿಯ ಮಿತ್ರರಲ್ಲಿಯೂ ಅಧ್ಯಾಪಕವೃಂದದಲ್ಲಿಯೂ ನನ್ನ ವಿನಂತಿ. ಡಬ್ಬಿ ಕನ್ನಡ ವಿಭಾಗದ ಬೀರುವಿನಲ್ಲಿದೆ. ಉಪ್ಪನ್ನು ಮಾತ್ರ ಈ ಬಾರಿ ಸ್ವಲ್ಪ ನೋಡಿ ಹಾಕಿರಿ.